ಲ್ಯಾಪ್‌ಟಾಪ್ ಮತ್ತು ಟಿವಿ ಜೋಡಣೆಯ ತೊಂದರೆಗಳು: ತಂತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಲ್ಯಾಪ್‌ಟಾಪಿನ ಚಿತ್ರವನ್ನು ಟಿವಿ ಪರದೆಗೆ ತರುವಾಗ ಎದುರಾಗುವ ತೊಂದರೆಗಳ ಬಗ್ಗೆ ನಮ್ಮ ಬಳಗದ ದುರಸ್ತಿ ತಂತ್ರಜ್ಞೆ ಇಂದು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವವರು ಯಾವ ಕೇಬಲ್ ಬಳಸಿದ್ದೀರಿ, ಎರಡೂ ಕಡೆ ಯಾವ ಪೋರ್ಟ್ ಇದೆ, ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ತಪ್ಪದೆ ಬರೆಯಬೇಕೆಂದು ವಿನಂತಿ.

ಮುಂಜಾವು: ನಮಸ್ಕಾರ ಮೇಡಂ. ಎಚ್‌ಡಿಎಂಐ ಕೇಬಲ್ ಜೋಡಿಸಿದರೂ ಟಿವಿಯಲ್ಲಿ ‘ನೋ ಸಿಗ್ನಲ್’ ಎಂದೇ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಅದೇ ಕೇಬಲನ್ನು ಸೆಟ್-ಟಾಪ್ ಬಾಕ್ಸ್‌ಗೆ ಹಾಕಿದರೆ ಚಿತ್ರ ಸರಿಯಾಗಿ ಬರುತ್ತದೆ.

ತಂತ್ರಜ್ಞೆ: ನಮಸ್ಕಾರ. ಕೇಬಲ್ ಬೇರೆ ಉಪಕರಣದೊಂದಿಗೆ ಕೆಲಸ ಮಾಡುತ್ತಿರುವುದರಿಂದ ಮೊದಲ ಅನುಮಾನ ಅದರ ಮೇಲೆ ಬೇಡ. ಟಿವಿಯ ಹಿಂಭಾಗದಲ್ಲಿ ಪೋರ್ಟಿನ ಪಕ್ಕ ಯಾವ ಸಂಖ್ಯೆ ಮುದ್ರಿತವಾಗಿದೆಯೋ ಅದೇ ಸಂಖ್ಯೆಯನ್ನು ರಿಮೋಟಿನ ಸೋರ್ಸ್ ಪಟ್ಟಿಯಲ್ಲಿ ಆರಿಸಿದ್ದೀರಾ ನೋಡಿ. ನಂತರ ವಿಂಡೋಸ್ ಕೀಯನ್ನೂ ‘ಪಿ’ ಕೀಯನ್ನೂ ಒಟ್ಟಿಗೆ ಒತ್ತಿ, ‘ಡ್ಯೂಪ್ಲಿಕೇಟ್’ ಆರಿಸಿ. ಆಗಲೂ ಬಾರದಿದ್ದರೆ ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಪೂರ್ತಿ ಆಫ್ ಮಾಡಿ, ಟಿವಿಯ ಪ್ಲಗ್ ಕಿತ್ತು ಕೆಲವು ನಿಮಿಷ ಬಿಟ್ಟು, ಕೇಬಲ್ ಸಿಕ್ಕಿಸಿ, ಮೊದಲು ಟಿವಿಯನ್ನೂ ಆಮೇಲೆ ಲ್ಯಾಪ್‌ಟಾಪನ್ನೂ ಹಚ್ಚಿ. ತಾನು ಯಾವ ಅಳತೆಯ ಚಿತ್ರವನ್ನು ತೋರಿಸಬಲ್ಲೆ ಎಂಬ ವಿವರವನ್ನು ಟಿವಿಯು ಅದೇ ಕೇಬಲಿನ ಮೂಲಕ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಆ ವಿವರ ತಲುಪದೇ ಹೋದರೆ ಎದುರಿಗೆ ಪರದೆಯೇ ಇಲ್ಲವೆಂದು ಲ್ಯಾಪ್‌ಟಾಪ್ ಭಾವಿಸುತ್ತದೆ. ಇಷ್ಟಾದರೂ ಫಲವಿಲ್ಲದಿದ್ದರೆ ಟಿವಿಯ ಇನ್ನೊಂದು ಪೋರ್ಟಿನಲ್ಲಿ ಪರೀಕ್ಷಿಸಿ.

ಸಂಜೆಗಾಳಿ: ಚಿತ್ರ ಟಿವಿಯಲ್ಲಿ ಬರುತ್ತದೆ, ಧ್ವನಿ ಮಾತ್ರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ.

ತಂತ್ರಜ್ಞೆ: ಪರದೆಯ ಕೆಳಗಿನ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿ ಹೊರಡುವ ಸಾಧನಗಳ ಪಟ್ಟಿಯಲ್ಲಿ ಟಿವಿಯ ಹೆಸರನ್ನು ಆರಿಸಿ.

ನೀಲಿಗೂಡು: ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇದೆ, ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದೆ. ಎರಡು ತುದಿಗೆ ಎರಡು ಬಗೆಯ ಪ್ಲಗ್ ಇರುವ ಸಾದಾ ಕೇಬಲ್ ತಂದೆ, ಚಿತ್ರ ಬರಲಿಲ್ಲ. ಏನು ಮಾಡಲಿ?

ದೂರದೀಪ: ಮೇಡಂ, ನನಗೂ ‘ನೋ ಸಿಗ್ನಲ್’ ಬರುತ್ತಿದೆ. ದಯವಿಟ್ಟು ಪರಿಹಾರ ತಿಳಿಸಿ.

ತಂತ್ರಜ್ಞೆ: ಮುಂಜಾವು ಅವರಿಗೆ ಕೊಟ್ಟ ಉತ್ತರದಲ್ಲಿರುವುದನ್ನು ಅದೇ ಕ್ರಮದಲ್ಲಿ ಮಾಡಿ ನೋಡಿ.

ಹಸಿರೆಲೆ: ಮೇಡಂ, ನನ್ನ ತೊಂದರೆ ಸ್ವಲ್ಪ ಬೇರೆ. ಮಗಳು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಕೊಂಡು ಪಾಠ ಕೇಳುತ್ತಾಳೆ. ಲ್ಯಾಪ್‌ಟಾಪಿನ ಹೊರಮೈ ಲೋಹದ್ದು. ಚಾರ್ಜರ್ ಹಾಕಿರುವಾಗ ಅದರ ಅಂಚಿಗೆ ಕೈ ತಾಗಿದರೆ ಜುಮ್ಮೆನ್ನುತ್ತದೆ ಎಂದು ಅವಳು ಹಲವು ಸಲ ಹೇಳಿದ್ದಳು. ಬರಿಗಾಲನ್ನು ನೆಲಕ್ಕೆ ಊರಿದಾಗ ಹೆಚ್ಚು, ಕಾಲು ಮಡಿಚಿ ಚಾಪೆಯ ಮೇಲೆ ಕೂತಾಗ ಇಲ್ಲ. ಮೊನ್ನೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಟಿವಿಯ ಪೋರ್ಟಿನಲ್ಲಿ ಸಣ್ಣ ಕಿಡಿ ಕಂಡಿತು. ಅಂದಿನಿಂದ ಆ ಪೋರ್ಟಿನಲ್ಲಿ ಯಾವ ಉಪಕರಣ ಹಾಕಿದರೂ ಚಿತ್ರವಿಲ್ಲ. ಇನ್ನೊಂದು ಪೋರ್ಟಿನಲ್ಲಿ ಬರುತ್ತಿದೆ. ವಿಚಿತ್ರವೆಂದರೆ, ಕೇಬಲ್ ಟಿವಿಗೆ ಸೇರಿರುವಷ್ಟು ಹೊತ್ತು ಜುಮ್ಮೆನ್ನುವುದಿಲ್ಲ, ಬಿಡಿಸಿದ ಮೇಲೆ ಮತ್ತೆ ಶುರುವಾಗುತ್ತದೆ.

ತಂತ್ರಜ್ಞೆ: ಹಸಿರೆಲೆ ಅವರೇ, ಇದನ್ನು ಓದಿದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ನಾನು ಹೇಳುವವರೆಗೆ ಮಗಳು ಬ್ಯಾಟರಿಯ ಮೇಲೆ ಮಾತ್ರ, ಟಿವಿಗೆ ಜೋಡಿಸದೆ ಲ್ಯಾಪ್‌ಟಾಪ್ ಬಳಸಲಿ. ನಿಮ್ಮ ಚಾರ್ಜರಿನ ಪ್ಲಗ್ಗಿಗೆ ಎಷ್ಟು ಪಿನ್‌ಗಳಿವೆ, ಅದನ್ನು ಗೋಡೆಗೆ ನೇರವಾಗಿ ಹಾಕುತ್ತೀರೋ ಎಕ್ಸ್‌ಟೆನ್ಶನ್ ಬೋರ್ಡಿಗೋ, ಟಿವಿಗೆ ಆಂಟೆನಾ ಅಥವಾ ಡಿಶ್‌ನ ಕೇಬಲ್ ಸೇರಿದೆಯೋ ಎಂಬುದನ್ನು ತಿಳಿಸಿ. ಪರೀಕ್ಷೆಗೆಂದು ಯಾರೂ ಮತ್ತೊಮ್ಮೆ ಮುಟ್ಟಿ ನೋಡಬಾರದು. ಟೆಸ್ಟರ್ ಹಿಡಿದು ನೋಡುವುದರಿಂದಲೂ ಪ್ರಯೋಜನವಿಲ್ಲ. ಅಪಾಯವಿಲ್ಲದ ಸಣ್ಣ ಸೋರಿಕೆಗೂ ಪ್ರಾಣಕ್ಕೆ ಎರವಾಗುವ ದೋಷಕ್ಕೂ ಅದರ ದೀಪ ಒಂದೇ ರೀತಿ ಬೆಳಗುತ್ತದೆ.

ಹಸಿರೆಲೆ: ಕಿತ್ತೆ ಮೇಡಂ. ಚಾರ್ಜರಿಗೆ ಮೂರು ಪಿನ್. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಹಾಕುತ್ತೇವೆ. ಟಿವಿಗೆ ಎರಡು ಪಿನ್, ಅದಕ್ಕೆ ಡಿಶ್ ಕೇಬಲ್ ಸೇರಿದೆ. ಬ್ಯಾಟರಿಯ ಮೇಲೆ ನಡೆಯುವಾಗ ಯಾವತ್ತೂ ಜುಮ್ಮೆಂದಿಲ್ಲವೆಂದು ಮಗಳು ಹೇಳುತ್ತಾಳೆ.

ತಿಳಿನೀರು: ಇದಕ್ಕೆ ಸುಲಭ ಪರಿಹಾರವಿದೆ. ನಮ್ಮ ಇನ್ನೊಂದು ಗುಂಪಿಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: ‘ಚಾರ್ಜರ್ ಪ್ಲಗ್ಗಿನ ದಪ್ಪ ಪಿನ್ ಅನ್ನು ತೆಗೆದುಹಾಕಿ ಅಥವಾ ಟೇಪ್ ಸುತ್ತಿ. ಜುಮ್ಮೆನ್ನುವುದೂ ಸ್ಪೀಕರಿನ ಗುಂಯ್‌ ಸದ್ದೂ ತಕ್ಷಣ ನಿಲ್ಲುತ್ತವೆ. ಅದಾಗದಿದ್ದರೆ ಸಾಕೆಟಿನ ಅರ್ಥ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದು ತುಂಡು ತಂತಿಯಿಂದ ಸೇರಿಸಿ.’

ತಂತ್ರಜ್ಞೆ: ಯಾರೂ ಇದನ್ನು ಮಾಡಬೇಡಿ. ಆ ದಪ್ಪ ಪಿನ್ ಇರುವುದೇ ಸೋರಿದ ವಿದ್ಯುತ್ತನ್ನು ಮನುಷ್ಯನ ಮೈಯ ಮೂಲಕವಲ್ಲದೆ ತಂತಿಯ ಮೂಲಕ ಭೂಮಿಗೆ ಕಳಿಸಲು. ಅದನ್ನು ತೆಗೆದಾಗ ಸ್ಪೀಕರಿನ ಗುಂಯ್‌ ಸದ್ದು ಕೆಲವೊಮ್ಮೆ ನಿಲ್ಲುವುದು ನಿಜ, ಈ ಸಲಹೆ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಜುಮ್ಮೆನ್ನುವುದಕ್ಕೆ ಪಿನ್ ತೆಗೆಯುವುದು ಕಾರಣವೇ ಹೊರತು ಮದ್ದಲ್ಲ. ಎರಡನೆಯ ಸಲಹೆಯಂತೂ ಕೊಲ್ಲುವಂಥದ್ದು. ಅರ್ಥನ್ನು ಸಾಕೆಟಿನಲ್ಲಿ ನ್ಯೂಟ್ರಲಿಗೆ ಸೇರಿಸಿದ ಮೇಲೆ ಎಲ್ಲಾದರೂ ನ್ಯೂಟ್ರಲ್ ತಂತಿ ತುಂಡಾದರೆ, ಆ ಸಾಕೆಟಿಗೆ ಸೇರಿದ ಪ್ರತಿಯೊಂದು ಲೋಹದ ಮೈಗೂ ಮನೆಯ ಪೂರ್ಣ ವೋಲ್ಟೇಜ್ ಬಂದು ನಿಲ್ಲುತ್ತದೆ. ನಿರ್ವಾಹಕರು ಆ ಸಂದೇಶವನ್ನು ಅಳಿಸಬೇಕೆಂದು ಕೋರುತ್ತೇನೆ.

ಈಗ ಹಸಿರೆಲೆ ಅವರಿಗೆ. ನೀವು ವಿಚಿತ್ರವೆಂದು ಬರೆದ ಆ ಕೊನೆಯ ವಾಕ್ಯದಲ್ಲೇ ರೋಗದ ಮೂಲ ಅಡಗಿದೆ. ಚಾರ್ಜರಿನ ಒಳಗೆ ವಿದ್ಯುತ್ ಗದ್ದಲವನ್ನು ಸೋಸಲು ಪುಟ್ಟ ಕೆಪಾಸಿಟರ್‌ಗಳಿರುತ್ತವೆ, ಅವುಗಳ ಮೂಲಕ ಅತ್ಯಲ್ಪ ವಿದ್ಯುತ್ ಯಾವಾಗಲೂ ಅರ್ಥ್ ಪಿನ್ನಿನ ಕಡೆಗೆ ಹರಿಯುತ್ತಿರುತ್ತದೆ. ಅರ್ಥ್ ಸರಿಯಿದ್ದರೆ ಅದು ಯಾರಿಗೂ ತಿಳಿಯದಂತೆ ಭೂಮಿ ಸೇರುತ್ತದೆ. ಅರ್ಥ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಲೋಹದ ಮೈ ಮನೆಯ ವೋಲ್ಟೇಜಿನ ಸುಮಾರು ಅರ್ಧದಷ್ಟಕ್ಕೆ ಏರಿ ನಿಲ್ಲಬಹುದು. ಹರಿಯುವ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆಯಿರುವುದರಿಂದ ಮುಟ್ಟಿದವರಿಗೆ ಜುಮ್ಮೆನ್ನುತ್ತದೆ ಅಷ್ಟೆ. ಬರಿಗಾಲು ನೆಲಕ್ಕೆ ತಾಗಿದಾಗ ದಾರಿ ಸುಗಮವಾಗುತ್ತದೆ, ಚಾಪೆ ಅದನ್ನು ತಡೆಯುತ್ತದೆ.

ನಿಮ್ಮ ಟಿವಿಯ ಒಳಗಿನ ಲೋಹಭಾಗ ಡಿಶ್ ಕೇಬಲಿನ ಹೊರ ಹೆಣಿಗೆಯ ಮೂಲಕ ಭೂಮಿಯ ಸಂಪರ್ಕ ಪಡೆದಿರುವಂತೆ ಕಾಣುತ್ತದೆ. ಎಚ್‌ಡಿಎಂಐ ಸಿಕ್ಕಿಸಿದ ಗಳಿಗೆಯಲ್ಲಿ ಲ್ಯಾಪ್‌ಟಾಪಿನ ಮೈಯಲ್ಲಿ ಕಾದು ನಿಂತದ್ದೆಲ್ಲ ಟಿವಿಯ ಕಡೆಗೆ ಧುಮುಕುತ್ತದೆ, ನೀವು ಕಂಡ ಕಿಡಿ ಅದೇ. ಒಮ್ಮೆ ಕೇಬಲ್ ಕೂತ ಮೇಲೆ ಟಿವಿಯೇ ಲ್ಯಾಪ್‌ಟಾಪಿಗೆ ಅರ್ಥ್ ಆಗುವುದರಿಂದ ಜುಮ್ಮೆನ್ನುವುದಿಲ್ಲ. ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಸಂಪರ್ಕಗಳಿವೆ. ಅವುಗಳಲ್ಲಿ ಚಿತ್ರವನ್ನು ಒಯ್ಯುವವು 3.3 ವೋಲ್ಟ್‌ನ ಮಟ್ಟದಲ್ಲಿ ಕೆಲಸ ಮಾಡುವಂಥವು. ಲೋಹದ ಹೊರಕವಚವೇ ಮೊದಲು ತಾಗುವಂತೆ ಅದನ್ನು ರೂಪಿಸಿದ್ದರೂ, ಓರೆಯಾಗಿ ತುರುಕಿದಾಗ ಒಳಗಿನ ಸಂಪರ್ಕಕ್ಕೆ ಕಿಡಿ ತಗುಲಿದರೆ ಆ ಪೋರ್ಟಿನ ಚಿಪ್ ಸಾಯುತ್ತದೆ. ನಿಮ್ಮ ಒಂದು ಪೋರ್ಟ್ ಹೋದದ್ದು ಹಾಗೆ ಎಂಬುದು ನನ್ನ ಊಹೆ.

ಊಹೆಯನ್ನು ನಂಬಿ ಸುಮ್ಮನಿರುವಂತಿಲ್ಲ. ಇದೇ ಲಕ್ಷಣ ಚಾರ್ಜರಿನ ಒಳಗೆ ವಿದ್ಯುತ್ ದಾಟದಂತೆ ತಡೆಯುವ ಇನ್ಸುಲೇಷನ್ ಕೆಟ್ಟಾಗಲೂ ಕಾಣಬಹುದು, ಆಗ ಹರಿಯುವುದು ಅಲ್ಪ ಪ್ರಮಾಣವಾಗಿರುವುದಿಲ್ಲ. ವಿದ್ಯುತ್ ಕೆಲಸ ಬಲ್ಲವರನ್ನು ಕರೆಸಿ, ಎಕ್ಸ್‌ಟೆನ್ಶನ್ ಬೋರ್ಡಿನಲ್ಲೂ ಗೋಡೆಯ ಸಾಕೆಟಿನಲ್ಲೂ ಅರ್ಥ್ ಇದೆಯೇ ಎಂದು ಮೀಟರಿನಿಂದ ಅಳೆಸಿ. ಡಿಶ್ ಕೇಬಲಿನ ಹೆಣಿಗೆಯನ್ನೂ ಅಳೆಸಿ. ಅರ್ಥ್ ಸರಿಯಾದ ಮೇಲೂ ಜುಮ್ಮೆಂದರೆ ಚಾರ್ಜರನ್ನು ಬದಲಿಸಬೇಕು. ಮುಂದೆ ಎಚ್‌ಡಿಎಂಐ ಸಿಕ್ಕಿಸುವಾಗಲೂ ಬಿಡಿಸುವಾಗಲೂ ಚಾರ್ಜರ್ ಕಿತ್ತಿರಲಿ, ಟಿವಿಯ ಪ್ಲಗ್ಗೂ ಕಿತ್ತಿರಲಿ.

ತಿಳಿನೀರು: ನಾನು ಬಂದ ಸಂದೇಶವನ್ನು ಹಂಚಿಕೊಂಡೆನಷ್ಟೆ, ಅದಕ್ಕೆ ಇಷ್ಟು ಕೋಪ ಬೇಕಿರಲಿಲ್ಲ. ಇರಲಿ, ಎಲ್ಲರಿಗೂ ಇನ್ನೊಂದು ಮಾತು: ಚಿನ್ನದ ಲೇಪವಿರುವ ಕೇಬಲ್ ತಂದರೆ ಅರ್ಧ ತೊಂದರೆಗಳು ತಾವಾಗಿಯೇ ಹೋಗುತ್ತವೆ, ಬಣ್ಣವೂ ಗಾಢವಾಗುತ್ತದೆ.

ಕಲ್ಲುಬಂಡೆ: ಇದು ತಪ್ಪು. ಎಚ್‌ಡಿಎಂಐ ಒಯ್ಯುವುದು ಡಿಜಿಟಲ್ ಸಂಕೇತ. ಅದು ಸರಿಯಾಗಿ ತಲುಪಿದರೆ ಬಣ್ಣ ಇದ್ದಂತೆಯೇ ಇರುತ್ತದೆ. ಚಿನ್ನದ ಲೇಪ ತುಕ್ಕನ್ನು ತಡೆಯುತ್ತದೆಯೇ ಹೊರತು ಬಣ್ಣವನ್ನು ಹೆಚ್ಚಿಸುವುದಿಲ್ಲ.

ತಿಳಿನೀರು: ನಾನು ಕಣ್ಣಾರೆ ಕಂಡದ್ದನ್ನು ನೀವು ಅಲ್ಲಗಳೆಯುತ್ತೀರಾ? ಹಳೆಯ ಕೇಬಲಿನಲ್ಲಿ ಮೌಸ್ ಬಾಣ ತಡೆತಡೆದು ಚಲಿಸುತ್ತಿತ್ತು, ಹೊಸದರಲ್ಲಿ ನೀರಿನಂತೆ ಹರಿಯುತ್ತದೆ.

ಕಲ್ಲುಬಂಡೆ: ಮೊದಲು ಬಣ್ಣ ಎಂದಿರಿ, ಈಗ ಬಾಣ ಎನ್ನುತ್ತೀರಿ. ಯಾವುದನ್ನು ವಾದಿಸುತ್ತಿದ್ದೀರೆಂದು ಮೊದಲು ನಿರ್ಧರಿಸಿ.

ಇಬ್ಬನಿ: ನಡುವೆ ಬಂದದ್ದಕ್ಕೆ ಕ್ಷಮಿಸಿ. ಯುಎಸ್‌ಬಿ-ಸಿ ಪೋರ್ಟಿಗೆ ಎಚ್‌ಡಿಎಂಐ ಅಡಾಪ್ಟರ್ ಹಾಕಿದ್ದೇನೆ. ಆ ಪೋರ್ಟಿನಲ್ಲಿ ಪೆನ್‌ಡ್ರೈವ್ ಓದುತ್ತದೆ, ಟಿವಿಗೆ ಚಿತ್ರ ಹೋಗುವುದಿಲ್ಲ. ಡ್ರೈವರ್ ಹೊಸದಾಗಿ ಹಾಕಿದರೆ ಸರಿಯಾದೀತೆ?

ತಂತ್ರಜ್ಞೆ: ಆ ಪೋರ್ಟಿಗೆ ಚಿತ್ರ ಹೊರಡಿಸುವ ಸೌಲಭ್ಯವೇ ಇಲ್ಲದಿದ್ದರೆ ಯಾವ ಡ್ರೈವರೂ ಅದನ್ನು ತಂದುಕೊಡದು. ಯುಎಸ್‌ಬಿ-ಸಿ ಎಂಬುದು ಸಾಕೆಟಿನ ಆಕಾರದ ಹೆಸರು ಮಾತ್ರ. ಚಿತ್ರ ಹೊರಡಬೇಕಾದರೆ ಅದಕ್ಕೆ ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಸೌಲಭ್ಯವೂ ಇರಬೇಕು. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಅದನ್ನು ಬರೆದಿರುತ್ತಾರೆ.

ಕೇಬಲಿನ ವಾದಕ್ಕೂ ಒಂದು ಮಾತು. ತಿಳಿನೀರು ಅವರು ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ತಪ್ಪು. 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತದೆ, 2013ರ 2.0ರಲ್ಲಿ 60 ಬಾರಿ, ಅದಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಒಯ್ಯಬಲ್ಲ ಕೇಬಲ್ ಬೇಕು. ಹಳೆಯ ಕೇಬಲಿನೊಂದಿಗೆ ಅವರು 30ರಲ್ಲಿ ನಡೆಸುತ್ತಿದ್ದಿರಬೇಕು. ಕೊಳ್ಳುವಾಗ ನೋಡಬೇಕಾದದ್ದು ‘ಪ್ರೀಮಿಯಂ ಹೈ ಸ್ಪೀಡ್’ ಎಂಬ ಗುರುತನ್ನು, ಲೇಪದ ಬಣ್ಣವನ್ನಲ್ಲ.

ಕಲ್ಲುಬಂಡೆ: ನಾನು ಹೇಳಿದ್ದೂ ಅದನ್ನೇ.

ತಿಳಿನೀರು: ನೀವು ಹೇಳಿದ್ದು ನನ್ನ ಕಣ್ಣು ಸುಳ್ಳು ಎಂದು. ಮೇಲೆ ಇನ್ನೊಮ್ಮೆ ಓದಿಕೊಳ್ಳಿ.

ನಿರ್ವಾಹಕರು: ಪಿನ್ ತೆಗೆಯುವ ಸಂದೇಶವನ್ನು ಅಳಿಸಲಾಗಿದೆ, ಏನೆಂದು ಎಚ್ಚರಿಸಲಾಗಿದೆ ಎಂಬುದು ತಿಳಿಯಲೆಂದು ತಂತ್ರಜ್ಞೆಯ ಉತ್ತರವನ್ನು ಉಳಿಸಿದ್ದೇವೆ. ಕೇಬಲಿನ ವಾದವನ್ನು ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು.

ಅಂಚೆಹಕ್ಕಿ: ಟಿವಿಯಲ್ಲಿ ಲ್ಯಾಪ್‌ಟಾಪ್ ಪರದೆಯ ನಾಲ್ಕೂ ಅಂಚು ಕತ್ತರಿಸಿದಂತೆ ಕಾಣುತ್ತದೆ, ಅಕ್ಷರಗಳ ಸುತ್ತ ಬಿಳಿ ನೆರಳೂ ಇದೆ. ಓದಲು ಕಣ್ಣು ನೋಯುತ್ತದೆ.

ತಂತ್ರಜ್ಞೆ: ಅಂಚು ಕತ್ತರಿಸುವುದು ಹಳೆಯ ಗಾಜಿನ ಕೊಳವೆಯ ಟಿವಿಗಳ ಕಾಲದಿಂದ ಉಳಿದುಬಂದ ಅಭ್ಯಾಸ, ಆಗ ಚಿತ್ರದ ಅಂಚುಗಳು ನೆಟ್ಟಗಿರುತ್ತಿರಲಿಲ್ಲವಾದ್ದರಿಂದ ಸ್ವಲ್ಪ ಹಿಗ್ಗಿಸಿ ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಟಿವಿಯ ಚಿತ್ರದ ಅಳತೆಯ ಆಯ್ಕೆಗಳಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಎಂಬುದನ್ನು ಆರಿಸಿ. ಆ ಎಚ್‌ಡಿಎಂಐ ಸೋರ್ಸ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಅನೇಕ ಟಿವಿಗಳು ಅಕ್ಷರಗಳನ್ನು ಸ್ಪಷ್ಟವಾಗಿ ತೋರಿಸುತ್ತವೆ. ಶಾರ್ಪ್‌ನೆಸ್ ತಗ್ಗಿಸಿ, ನೆರಳು ಹೋಗುತ್ತದೆ.

ದೂರದೀಪ: ಮೇಡಂ, ‘ನೋ ಸಿಗ್ನಲ್’ ಇನ್ನೂ ಹೋಗಿಲ್ಲ.

ತಂತ್ರಜ್ಞೆ: ಯಾವ ಹಂತದವರೆಗೆ ಮಾಡಿದಿರಿ ಎಂಬುದನ್ನು ಬರೆಯಿರಿ.

ದೂರದೀಪ: ಅಷ್ಟು ಉದ್ದದ ಉತ್ತರ ಓದಲು ಸಮಯವಾಗಲಿಲ್ಲ, ಚಿಕ್ಕದಾಗಿ ಹೇಳಿ.

ತಂತ್ರಜ್ಞೆ: ಅದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ. ಓದಿ.

ನೀಲಿಗೂಡು: ನನ್ನ ವಿಜಿಎ ಪ್ರಶ್ನೆಯನ್ನು ಯಾರೂ ಗಮನಿಸಿದಂತಿಲ್ಲ.

ಕಲ್ಲುಬಂಡೆ: ದೂರದೀಪ ಅವರೇ, ಬಿಡುವು ಮಾಡಿಕೊಂಡು ಉತ್ತರಿಸುವವರ ಬಳಿ ಓದಲು ಸಮಯವಿಲ್ಲ ಎನ್ನುವುದು ಸರಿಯಲ್ಲ.

ದೂರದೀಪ: ನಿಮ್ಮನ್ನು ಕೇಳಲಿಲ್ಲ.

ಹಸಿರೆಲೆ: ಮೇಡಂ, ವಿದ್ಯುತ್ ಕೆಲಸದವರು ಬಂದು ನೋಡಿದರು. ಗೋಡೆಯ ಸಾಕೆಟಿನಲ್ಲಿ ಅರ್ಥ್ ಸರಿಯಾಗಿದೆ. ಎಕ್ಸ್‌ಟೆನ್ಶನ್ ಬೋರ್ಡನ್ನು ಬಿಚ್ಚಿದಾಗ ಮೂರನೆಯ ರಂಧ್ರಗಳ ಹಿಂದೆ ತಂತಿಯೇ ಇರಲಿಲ್ಲ, ರಂಧ್ರ ಮಾತ್ರ ಇತ್ತು. ಡಿಶ್ ಕೇಬಲಿನ ಹೆಣಿಗೆ ಭೂಮಿಗೆ ಸೇರಿದೆ ಎಂದರು. ಚಾರ್ಜರನ್ನು ನೇರವಾಗಿ ಗೋಡೆಗೆ ಹಾಕಿ ಲ್ಯಾಪ್‌ಟಾಪಿನ ಮೈಯನ್ನು ಅಳೆದರು, ಈಗ ವೋಲ್ಟೇಜ್ ಇಲ್ಲವೆಂದೇ ಹೇಳಬಹುದು ಎಂದರು.

ತಂತ್ರಜ್ಞೆ: ಸದ್ಯ, ಮನಸ್ಸಿಗೆ ನೆಮ್ಮದಿಯಾಯಿತು. ಆ ಬೋರ್ಡನ್ನು ಮೂಲೆಯಲ್ಲಿಡಬೇಡಿ, ಯಾರೂ ಮತ್ತೆ ಬಳಸದಂತೆ ಅದರ ತಂತಿಯನ್ನು ಕತ್ತರಿಸಿ ಎಸೆಯಿರಿ. ಕೆಟ್ಟ ಪೋರ್ಟಿನ ಒಳಗೆ ಪಿನ್‌ಗಳು ಬಾಗಿಲ್ಲವಾದರೆ ದೋಷ ಚಿಪ್ಪಿನಲ್ಲಿದೆ. ಅದನ್ನು ಬದಲಿಸುವುದು ಸೂಕ್ಷ್ಮ ಬೆಸುಗೆಯ ಕೆಲಸ. ಉಳಿದ ಪೋರ್ಟ್ ಚೆನ್ನಾಗಿರುವಾಗ ಅದಕ್ಕೆ ಅವಸರವಿಲ್ಲ. ಮಗಳು ಇನ್ನು ಟಿವಿಗೆ ಜೋಡಿಸಿಕೊಳ್ಳಬಹುದು; ಪ್ಲಗ್‌ಗಳನ್ನು ಕಿತ್ತ ಮೇಲೆ ಕೇಬಲ್ ಸಿಕ್ಕಿಸುವ ಕ್ರಮವನ್ನು ನೀವು ಎದುರಿಗಿದ್ದು ಒಮ್ಮೆ ಮಾಡಿಸಿ ತೋರಿಸಿ. ಮತ್ತೆ ಎಂದಾದರೂ ಜುಮ್ಮೆಂದಿತೆಂದು ಅವಳು ಹೇಳಿದರೆ, ಆ ದಿನವೇ ನನಗೆ ಬರೆಯಿರಿ.

ಹಸಿರೆಲೆ: ತಂತಿಯನ್ನು ಈಗಲೇ ಕತ್ತರಿಸಿದೆ ಮೇಡಂ. ಅವಳು ಮೊದಲ ಸಲ ಹೇಳಿದಾಗ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನೀಲಿಗೂಡು: ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಇದು ಮೂರನೆಯ ಸಲ ಕೇಳುತ್ತಿರುವುದು.