ಕಟಮರಾನ್‌ಗೆ ಏನನ್ನೋಣ: ಕಟ್ಟುಮರವೋ, ಜೋಡುದೋಣಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಮಾರಾಟದ ಜಾಹೀರಾತನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ರಾನ್ಸಿನ ಲಾ ಗ್ರಾಂದ್ ಮೋತ್‌ನಲ್ಲಿ ಕಟ್ಟಿದ ಊತ್ರಮೇರ್ ಕಂಪನಿಯ ಹಾಯಿದೋಣಿ, 51 ಅಡಿ, ಸೆಕೆಂಡ್ ಹ್ಯಾಂಡ್. 'ಪರ್ಫಾರ್ಮೆನ್ಸ್ ಕ್ರೂಸಿಂಗ್ ಕಟಮರಾನ್' ಎಂದಿದೆ. ಕಟಮರಾನ್ ಅಂದರೆ ಈಗ ಎರಡು ಒಡಲು (ಹಲ್, ನೀರಲ್ಲಿ ತೇಲುವ ಭಾಗ) ಜೋಡಿಸಿದ ದೋಣಿ. ಮೂರು ಪದಕ್ಕೂ ತಡಕಾಡುತ್ತಿದ್ದೇನೆ, ಕೊನೆಯದಕ್ಕೆ ಜಾಸ್ತಿ.

ಆ ಪದದ ಮೂಲ ತಮಿಳಿನ ಕಟ್ಟುಮರಂ. ಕಟ್ಟು, ಮರ ಎರಡೂ ನಮ್ಮಲ್ಲೂ ಇವೆ. ಸುಮ್ನೆ 'ಕಟ್ಟುಮರ' ಅಂದರೆ ಮುಗೀತು, ಅಲ್ವಾ? ಮುಗಿಯಲ್ಲ. ಕೋರಮಂಡಲ ಕರಾವಳಿಯ ಕಟ್ಟುಮರ ಎಂದರೆ ಕೆಲವು ದಿಮ್ಮಿಗಳನ್ನು ಪಕ್ಕಪಕ್ಕ ಇಟ್ಟು ಹಗ್ಗದಲ್ಲಿ ಬಿಗಿದದ್ದು. ಅಲೆ ಮೇಲೆ ಬಿದ್ದರೆ ನೀರು ಸಂದಿಯಲ್ಲೇ ಇಳಿದುಹೋಗುತ್ತದೆ. ದಡ ಸೇರಿದ ಮೇಲೆ ಹಗ್ಗ ಬಿಚ್ಚಿ ಮರ ಒಣಗಿಸುತ್ತಾರೆ. ಎರಡು ಒಡಲಿನ ಮಾತೇ ಅಲ್ಲಿಲ್ಲ. ಇಂಗ್ಲಿಷರು 17ನೇ ಶತಮಾನದಲ್ಲಿ ಈ ಪದ ಎತ್ತಿಕೊಂಡರು, ಆಮೇಲೆ ಅದು ಬೇರೆಯದಕ್ಕೇ, ಎರಡು ಒಡಲಿನ ದೋಣಿಗೆ, ಅಂಟಿಕೊಂಡಿತು. 1876ರಲ್ಲಿ ನ್ಯೂಯಾರ್ಕಿನ ಪಂದ್ಯದಲ್ಲಿ ದೋಣಿ ವಿನ್ಯಾಸಕ ನಥಾನಿಯಲ್ ಹೆರೆಶಾಫ್ ಅವರ 'ಅಮರಿಲಿಸ್' ಎಲ್ಲರನ್ನೂ ಹಿಂದೆ ಹಾಕಿ, ಕೊನೆಗೆ ಅನರ್ಹವಾಯಿತು. ಅದು ಇಂಥದೇ ಎರಡು ಒಡಲಿನ ದೋಣಿ.

ಹಾಗಾಗಿ ನನಗೆ 'ಜೋಡುದೋಣಿ' ಹಿಡಿಸಿದೆ. ಕೇಳಿದ ಕೂಡಲೇ ಆಕಾರ ಕಣ್ಣಿಗೆ ಬರುತ್ತದೆ. ಎರಡು ಸಪೂರ ಒಡಲು, ನಡುವೆ ಅಗಲ ಜಾಗ. ಆ ಅಗಲವೇ ದೋಣಿ ವಾಲದಂತೆ ಹಿಡಿಯುವುದರಿಂದ ಒಂಟಿ ಒಡಲಿನ ಹಾಯಿದೋಣಿಯ ಹಾಗೆ ಅಡಿಯಲ್ಲಿ ಸೀಸದ ಭಾರ ಬೇಡ. ಭಾರವಿಲ್ಲದ್ದಕ್ಕೇ ಓಡುತ್ತದೆ, ಸಾಮಾನು ಹೇರಿದರೆ ಓಟ ಕುಗ್ಗುತ್ತದೆ. ಇಲ್ಲಿ 'ಪರ್ಫಾರ್ಮೆನ್ಸ್' ಅಂದರೆ ಇದೇ. 'ಸಾಮರ್ಥ್ಯ' ಎಂದು ಬರೆದರೆ ಏನೂ ತಿಳಿಯಲ್ಲ. 'ವೇಗದ' ಸಾಕು ಅನ್ನಿಸುತ್ತದೆ.

ಕ್ರೂಸಿಂಗ್‌ಗೆ 'ವಿಹಾರ' ಬೇಡ. ಅದು ಸಂಜೆ ಒಂದು ಸುತ್ತು ಹೋಗಿಬಂದ ಹಾಗೆ. ಇದರಲ್ಲಿ ಅಡುಗೆಮನೆ, ಮಲಗುವ ಕೋಣೆ ಎಲ್ಲ ಇದ್ದು, ಜನ ಅಟ್ಲಾಂಟಿಕ್ ದಾಟುತ್ತಾರೆ. 'ದೂರಪಯಣದ' ಎಂದರೆ ಹೇಗೆ? ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯಲು ಒಡಲಿನ ಸೀಳಿನಲ್ಲಿ ಮೇಲೆ ಕೆಳಗೆ ಆಡುವ ಡ್ಯಾಗರ್‌ಬೋರ್ಡ್‌ಗೆ ಸದ್ಯಕ್ಕೆ 'ಇಳಿಹಲಗೆ' ಎಂದು ಬರೆದುಕೊಂಡಿದ್ದೇನೆ.

ಕರಾವಳಿಯವರನ್ನು ಇನ್ನೊಂದು ಕೇಳಬೇಕು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿ ಹೊಳೆ ದಾಟಿಸುವುದಕ್ಕೆ ತುಳುವಿನಲ್ಲಿ 'ಜಂಗಾಲ' ಇದೆ. ಮಲಯಾಳದ ಚಙ್ಙಾಡಂ, ಪೋರ್ಚುಗೀಸರ ಜಂಗಾದಾ ಇದರ ನೆಂಟರೇ. ನಿಮ್ಮೂರ ಕಡವಿನಲ್ಲಿ ಈ ಪದವನ್ನು ಈಗಲೂ ಹೇಳುತ್ತಾರಾ? ಹಾಯಿ ಇರುವ ದೋಣಿಗೆ ಅದು ಒಪ್ಪುತ್ತದಾ, ಅಥವಾ ಕೇಳಿದವರು ಹೊಳೆ ದಾಟುವುದನ್ನೇ ನೆನೆಯುತ್ತಾರಾ?