ಎಲೆಕ್ಟ್ರಿಕ್ ಟೂತ್‌ಬ್ರಶ್‌ನ ಬ್ಯಾಟರಿ ಮನೆಯಲ್ಲೇ ಬದಲಿಸಬಹುದಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 76 ವರ್ಷ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿವೆ. ಸಾದಾ ಬ್ರಶ್ ಹಿಡಿದರೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ನಾಲ್ಕು ವರ್ಷದ ಹಿಂದೆ ತಮ್ಮ ಒಂದು ಎಲೆಕ್ಟ್ರಿಕ್ ಬ್ರಶ್ ತಂದುಕೊಟ್ಟ. ಹಿಡಿ ದಪ್ಪ ಇದೆ, ಬಾಯೊಳಗೆ ಇಟ್ಟುಕೊಂಡರೆ ಉಜ್ಜುವ ಕೆಲಸ ಅದೇ ಮಾಡುತ್ತದೆ. ಅಪ್ಪ ಮೊದಲ ವಾರ ಬೈದರು, ಆಮೇಲೆ ಅದಿಲ್ಲದೆ ಆಗುವುದಿಲ್ಲ ಎನ್ನುವ ಹಾಗಾಯಿತು.

ಈಗ ತೊಂದರೆ ಏನೆಂದರೆ, ರಾತ್ರಿಯೆಲ್ಲ ಚಾರ್ಜಿಗೆ ಇಟ್ಟರೂ ಬೆಳಗ್ಗೆ ಒಂದು ನಿಮಿಷ ತಿರುಗಿ ಉಸಿರು ಬಿಡುತ್ತದೆ. ಮೊದಲು ಒಂದು ವಾರ ಬರುತ್ತಿತ್ತು. ಸರ್ವಿಸ್‌ಗೆ ಫೋನ್ ಮಾಡಿದೆ. "ಮೇಡಂ, ಅದರಲ್ಲಿ ಬ್ಯಾಟರಿ ಬದಲಿಸುವ ವ್ಯವಸ್ಥೆ ಇಲ್ಲ, ಹೊಸದು ತಗೊಳ್ಳಿ" ಎಂದರು. ಮೋಟಾರ್ ಚೆನ್ನಾಗಿದೆ, ಚಾರ್ಜರ್ ಚೆನ್ನಾಗಿದೆ, ಒಂದು ಸೆಲ್‌ಗೋಸ್ಕರ ಎಲ್ಲವನ್ನೂ ಎಸೆಯುವುದಕ್ಕೆ ಮನಸ್ಸು ಬರುತ್ತಿಲ್ಲ.

ನಾನು ಪಿಯು ಕಾಲೇಜೊಂದರ ಫಿಸಿಕ್ಸ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಕೈಗೆ ಸಿಗುತ್ತವೆ. ಹುಡುಗರು ಕಿತ್ತುಹಾಕಿದ ವೈರುಗಳಿಗೆ ದಿನಾ ಬೆಸುಗೆ ಹಾಕುವವಳೇ. ಆದರೆ ನೀರಿನಲ್ಲಿ ಬಳಸುವ ಸಾಮಾನನ್ನು ಬಿಚ್ಚಿ ಅಭ್ಯಾಸ ಇಲ್ಲ. ಯಾರಾದರೂ ಮಾಡಿದ್ದೀರಾ?

ತೋಟದ ಮನೆ

ಇಷ್ಟೆಲ್ಲ ಯಾಕೆ ಅಕ್ಕಾ? ಪೆನ್ಸಿಲ್ ಸೆಲ್ ಹಾಕುವ ಬ್ರಶ್ ಬರುತ್ತದಲ್ಲ. ಸೆಲ್ ಮುಗಿದರೆ ಅಂಗಡಿಯಿಂದ ಇನ್ನೊಂದು ತಂದು ಹಾಕಿದರೆ ಆಯಿತು. ನಮ್ಮ ಅಜ್ಜ ತೊಂಬತ್ತರವರೆಗೂ ಬೇವಿನ ಕಡ್ಡಿಯಲ್ಲೇ ಉಜ್ಜಿದವರು, ಅದು ಬೇರೆ ಮಾತು.

ಲ್ಯಾಬ್ ಅಕ್ಕ, ಶಿವಮೊಗ್ಗ

ಅಜ್ಜನ ಬೆರಳು ನೆಟ್ಟಗಿದ್ದವು ಅನ್ಸುತ್ತೆ :) ಪೆನ್ಸಿಲ್ ಸೆಲ್ಲಿನ ಬ್ರಶ್ ಒಂದು ತಂದು ನೋಡಿದೆ. ಅದರ ಸೆಲ್ ಮುಚ್ಚಳ ತಿರುಗಿಸಲು ಅಪ್ಪನ ಕೈಯಲ್ಲಿ ಆಗಲ್ಲ. ಚಾರ್ಜರ್ ಮೇಲೆ ಸುಮ್ನೆ ನಿಲ್ಲಿಸುವುದು ಅವರಿಗೆ ಸುಲಭ.

ಹಳೇ ರೇಡಿಯೋ, ದಾವಣಗೆರೆ

ಮಾಡಬಹುದು ಮೇಡಂ. ನಾನು ಇಂಥವು ಹದಿನೈದು ಇಪ್ಪತ್ತು ಬಿಚ್ಚಿದ್ದೇನೆ, ಎರಡನ್ನು ಕೆಡಿಸಿದ್ದೇನೆ. ಕೆಟ್ಟ ಎರಡೂ ಬೆಸುಗೆಯಿಂದ ಕೆಡಲಿಲ್ಲ. ಒಂದಕ್ಕೆ ತಪ್ಪು ಸೆಲ್ ಹಾಕಿದ್ದೆ. ಇನ್ನೊಂದನ್ನು ಸರಿಯಾಗಿ ಮುಚ್ಚಿರಲಿಲ್ಲ, ಹದಿನೈದು ದಿನಕ್ಕೆ ನೀರು ಕುಡಿಯಿತು. ನೀವೂ ಜಾಗ್ರತೆ ಮಾಡಬೇಕಾದ್ದು ಈ ಎರಡು ಕಡೆಯೇ.

ಬಿಚ್ಚುವ ಮೊದಲು ಬ್ರಶ್ಶನ್ನು ಪೂರ್ತಿ ಖಾಲಿ ಮಾಡಿ. ತಿರುಗಿ ತಿರುಗಿ ನಿಲ್ಲಲಿ. ತುದಿಯ ಬ್ರಶ್ ತೆಗೆಯಿರಿ. ಎಷ್ಟೋ ಮಾಡೆಲ್‌ಗಳಲ್ಲಿ ಬುಡದ ಮುಚ್ಚಳ ತಿರುಗುತ್ತದೆ. ಚಾರ್ಜರ್‌ನ ಮೊಳೆ ಕೂರುವ ಗುಳಿ ಇದೆಯಲ್ಲ, ಅದರಲ್ಲೇ ಚಾರ್ಜರ್ ಸಿಕ್ಕಿಸಿ ತಿರುಗಿಸಿದರೆ ಕಳಚುತ್ತದೆ. ಚಾರ್ಜರ್ ಪ್ಲಗ್ಗಿನಿಂದ ತೆಗೆದಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ಮೇಲಿನ ಕಬ್ಬಿಣದ ಕಡ್ಡಿಯನ್ನು ಮರದ ಮಣೆಗೆ ಒತ್ತಿ. ಒಳಗಿನದೆಲ್ಲ ಒಂದೇ ತುಂಡಾಗಿ ಹಿಂದಿನಿಂದ ಜಾರಿ ಬರುತ್ತದೆ. ಬರಲಿಲ್ಲ ಅಂತ ಇಕ್ಕಳ ಹಾಕಿ ಎಳೆಯಬೇಡಿ.

ಬುಡದಲ್ಲಿ ತಾಮ್ರದ ಸುರುಳಿ ಕಾಣುತ್ತದೆ. ಚಾರ್ಜರ್‌ನೊಳಗೆ ಒಂದು ಸುರುಳಿ, ಬ್ರಶ್‌ನೊಳಗೆ ಒಂದು. ಎರಡೂ ಸೇರಿದರೆ ಟ್ರಾನ್ಸ್‌ಫಾರ್ಮರ್. ವೈರ್ ಇಲ್ಲದೆ ಚಾರ್ಜ್ ಆಗುವುದು ಹೀಗೆ, ನಿಮಗೆ ಗೊತ್ತಿರುತ್ತೆ. ಆ ಸುರುಳಿಯ ಎಳೆ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ. ತುಂಡಾದರೆ ಹುಡುಕಿ ಜೋಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಈಗ ಮುಖ್ಯವಾದದ್ದು. ಸೆಲ್ ಮೇಲೆ ಏನು ಬರೆದಿದೆ ಓದಿ. 1.2 ವೋಲ್ಟ್ ಅಂತಿದ್ದರೆ ಅದು ಸಾಮಾನ್ಯವಾಗಿ ನಿಕೆಲ್ ಮೆಟಲ್ ಹೈಡ್ರೈಡ್. 3.6 ಅಥವಾ 3.7 ಅಂತಿದ್ದರೆ ಲಿಥಿಯಂ ಅಯಾನ್. ಇದ್ದದ್ದೇ ಹಾಕಬೇಕು. 1.2ರ ಜಾಗಕ್ಕೆ ಲಿಥಿಯಂ ಹಾಕಿದರೆ ಬ್ರಶ್ ಜೋರಾಗಿ ತಿರುಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಲಿಥಿಯಂ ಸೆಲ್ 4.2 ವೋಲ್ಟ್ ದಾಟದ ಹಾಗೆ ಚಾರ್ಜನ್ನು ತಡೆಯುವ ಸರ್ಕ್ಯೂಟ್ ಬೇಕು. ನಿಕೆಲ್ ಬ್ರಶ್‌ನಲ್ಲಿ ಅದು ಇರುವುದಿಲ್ಲ. ಬಾಯೊಳಗೆ ಇಡುವ ವಸ್ತು, ಅಲ್ವಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಸರ್, ಬಿಚ್ಚಿದೆ. ಮಣೆಗೆ ಒತ್ತಿದ್ದು ಮೂರನೇ ಸಲಕ್ಕೆ ಬಂತು. ಸೆಲ್ 1.2 ವೋಲ್ಟ್, ಹಸಿರು ಬಣ್ಣ. ಸುಮ್ಮನಿದ್ದಾಗ ಮೀಟರ್‌ನಲ್ಲಿ 1.27 ತೋರಿಸಿತು. ಒಂದು ಕ್ಷಣ ಸೆಲ್ ಸರಿಯಾಗೇ ಇದೆಯಲ್ಲ ಅನ್ನಿಸಿತು. ಗುಂಡಿ ಒತ್ತಿದೆ, ಮೋಟಾರ್ ಶುರುವಾದ ಕೂಡಲೇ 0.81ಕ್ಕೆ ಬಿತ್ತು. ಸೆಲ್ ಹಳತಾದಂತೆ ಅದರೊಳಗಿನ ರೋಧ ಜಾಸ್ತಿಯಾಗಿ, ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನಮ್ಮ ಹುಡುಗರಿಗೆ ಈ ಆಂತರಿಕ ರೋಧದ ಪ್ರಯೋಗ ಮಾಡಿಸುತ್ತೇವೆ, ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಸೆಲ್‌ನ ಮೈನಸ್ ಕಡೆ ಬಿಳಿ ಪುಡಿ ಕೂತಿದೆ. ಮೊದಲು ಒಣಗಿದ ಪೇಸ್ಟ್ ಅಂದುಕೊಂಡೆ. ಆದರೆ ರಬ್ಬರ್ ರಿಂಗ್‌ನ ಒಳಗಡೆ ಇದೆ.

ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದೆ. ದಪ್ಪ 14.2 ಮಿ.ಮೀ., ಉದ್ದ 48.6 ಮಿ.ಮೀ. ಪೆನ್ಸಿಲ್ ಸೆಲ್ ಅಳತೆಯೇ ಅಲ್ವಾ? ಮನೆಯಲ್ಲಿ ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ಇದೆ, ಅದನ್ನೇ ಹಾಕಲಾ?

ಹಳೇ ರೇಡಿಯೋ, ದಾವಣಗೆರೆ

ಬೇಡ. ಎರಡು ಕಾರಣ.

ಅಂಗಡಿಯ ಪೆನ್ಸಿಲ್ ಸೆಲ್‌ಗೆ ಪ್ಲಸ್ ಕಡೆ ಉಬ್ಬು ಇರುತ್ತದೆ. ಅದು ಸೇರಿ ಉದ್ದ 50 ದಾಟುತ್ತದೆ. ನಿಮ್ಮದು ಉಬ್ಬು ಇಲ್ಲದ ಚಪ್ಪಟೆ ಸೆಲ್, ಅದಕ್ಕೇ 48.6. ಆ ಒಂದೂವರೆ ಎರಡು ಮಿ.ಮೀ.ಗೆ ಬುಡದ ಮುಚ್ಚಳ ಕೂರುವುದಿಲ್ಲ. ಒತ್ತಿ ಕೂರಿಸಿದರೆ ರಬ್ಬರ್ ಸೀಲ್ ಸರಿಯಾಗಿ ಹಿಡಿಯುವುದಿಲ್ಲ.

ಎರಡನೆಯದು, ಸೆಲ್‌ಗೆ ನೇರವಾಗಿ ಬೆಸುಗೆ ಹಾಕಬಾರದು. ಒಳಗಿನ ಪ್ಲಾಸ್ಟಿಕ್ ಸೀಲ್ ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಅದೂ ನಿಮ್ಮ ಹಳೆಯ ಸೆಲ್ ಹಾಗೆ ಸೋರಬಹುದು. ಎರಡೂ ತುದಿಗೆ ನಿಕೆಲ್ ಪಟ್ಟಿ ವೆಲ್ಡ್ ಮಾಡಿದ ಸೆಲ್ ಸಿಗುತ್ತದೆ, ಟ್ಯಾಗ್ ಇರುವ ಸೆಲ್ ಅಂತ ಕೇಳಿ. ಬೆಸುಗೆ ಪಟ್ಟಿಯ ತುದಿಗೆ ಮಾತ್ರ. ಪಟ್ಟಿಯನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿದರೆ ಎರಡು ಸೆಕೆಂಡಲ್ಲಿ ಹಿಡಿಯುತ್ತದೆ. ಹೊಸ ಸೆಲ್ ಮೇಲೆ ಬರೆದ ಮಿಲಿಆಂಪ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಜಾಸ್ತಿ ಇದ್ದರೆ ತೊಂದರೆ ಇಲ್ಲ. ಚಾರ್ಜರ್ ಕೊಡುವ ಕರೆಂಟ್ ಅಷ್ಟೇ ಇರುವುದರಿಂದ ತುಂಬಲು ಹೊತ್ತು ಹಿಡಿಯುತ್ತದೆ.

ಬಿಳಿ ಪುಡಿ ಸೆಲ್ ಸೋರಿದ್ದು. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದು ಗಾಳಿ ತಾಗಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗಿದೆ, ಎರಡೂ ಕ್ಷಾರ. ಬರಿಗೈಯಲ್ಲಿ ಮುಟ್ಟಬೇಡಿ. ಕಿವಿ ಕಡ್ಡಿಗೆ ನಿಂಬೆ ರಸ ಅದ್ದಿ ಒರೆಸಿ, ಸಣ್ಣಗೆ ನೊರೆ ಬಂದು ಬಿಡುತ್ತದೆ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಒಂದು ರಾತ್ರಿ ಒಣಗಿಸಿ. ಕೆಳಗಿನ ತಾಮ್ರ ಕಪ್ಪಾಗಿದ್ದರೆ ಕೆರೆದು ಬೆಸುಗೆಯ ಲೆಡ್ ತೆಳ್ಳಗೆ ಹಚ್ಚಿ.

ಹಳೆ ಸೆಲ್ ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ, ಪ್ಲಸ್ ಕಡೆಯ ಪ್ಲಾಸ್ಟಿಕ್ ಮೇಲೆ ಕೆಂಪು ಮಾರ್ಕ್ ಹಾಕಿ. ಎಲ್ಲ ನೆನಪಿರುತ್ತೆ ಅಂದುಕೊಂಡಿರುತ್ತೇವೆ. ಕರೆಂಟ್ ಹೋಗಿ ಬರುವಷ್ಟರಲ್ಲಿ ಮರೆತಿರುತ್ತೇವೆ.

ಎಸ್‌ಪಿ ರೋಡ್ ಅಲೆಮಾರಿ, ಬೆಂಗಳೂರು

ಹಳೇ ರೇಡಿಯೋ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲ್ಯಾಬ್ ಅಕ್ಕನಿಗೆ ಇದು ಬೇಕಾಗಿಲ್ಲ, ಅವರದು 1.2. ಆದರೆ ಲಿಥಿಯಂ ಬ್ರಶ್ ಇರುವವರು ಓದಿ. ಅವುಗಳಲ್ಲಿ ಎಷ್ಟೋ ಬ್ರಶ್‌ಗಳಿಗೆ ಬೇಕಾದದ್ದು 14500 ಅಂತ ಬರೆದ ಸೆಲ್: 14 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ಅಂಗಡಿಗೆ ಹೋಗಿ "3.6 ವೋಲ್ಟಿನ ಪೆನ್ಸಿಲ್ ಸೆಲ್ ಕೊಡಿ" ಅಂದರೆ ಕೆಲವರು ಇಆರ್ 14505 ಅನ್ನು ಕೈಗಿಡುತ್ತಾರೆ. ಅಳತೆ ಅದೇ, ವೋಲ್ಟೂ ಅದೇ. ಆದರೆ ಅದು ಮೀಟರ್, ಅಲಾರಂಗಳಿಗೆ ಹಾಕುವ ಲಿಥಿಯಂ ಸೆಲ್, ಚಾರ್ಜ್ ಮಾಡುವಂಥದ್ದಲ್ಲ. ಚಾರ್ಜ್ ಕೊಟ್ಟರೆ ಸಿಡಿಯಬಹುದು. ನನಗೂ ಒಬ್ಬರು ಕೊಟ್ಟಿದ್ದರು. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು. ಮರುದಿನ ಎರಡು ಬಸ್ ಬದಲಿಸಿ ವಾಪಸ್ ಹೋದೆ.

ಅಮೆರಿಕದಿಂದ ಬಂದ ಬ್ರಶ್ ಆಗಿದ್ದರೆ ಚಾರ್ಜರ್ ಬುಡವನ್ನೂ ನೋಡಿ. ಬರೀ 120 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ಹಾಕಬೇಡಿ. ಬ್ಯಾಟರಿ ಹೋಗಿದೆ ಅಂದುಕೊಂಡು ಬಿಚ್ಚಿ, ಕೊನೆಗೆ ಸತ್ತಿರುವುದು ಚಾರ್ಜರ್ ಅಂತ ಆದವರನ್ನು ಕಂಡಿದ್ದೇನೆ.

ನೆಕ್ಕರ್ ದಂಡೆ, ಸ್ಟುಟ್‌ಗಾರ್ಟ್

ಇಲ್ಲೂ ಇದೇ ಗೋಳು. ಯುರೋಪಿಯನ್ ಯೂನಿಯನ್ 2023ರಲ್ಲಿ ಹೊಸ ಬ್ಯಾಟರಿ ಕಾನೂನು ತಂದಿದೆ. 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಎನ್ನುತ್ತದೆ. ಓದಿ ಖುಷಿಪಟ್ಟೆ. ಕೆಳಗೆ ಹೋದರೆ ವಿನಾಯಿತಿ ಇದೆ: ನೀರು ಬೀಳುವ ಜಾಗದಲ್ಲಿ ಬಳಸುವ, ತೊಳೆಯುವಂಥ ಸಾಧನಗಳಿಗೆ, ಪರಿಣತರು ಮಾತ್ರ ಬದಲಿಸುವ ಹಾಗೆ ಮಾಡಿದರೂ ಸಾಕು. ಅಂದರೆ ನಮ್ಮ ಬ್ರಶ್ ಆ ಸಂದಿಯಲ್ಲಿ ನುಸುಳಿಕೊಳ್ಳುತ್ತದೆ.

ಹಳೆ ಸೆಲ್ಲನ್ನು ಕಸದ ಬುಟ್ಟಿಗೆ ಹಾಕಬೇಡಿ ಅಕ್ಕಾ. ಭಾರತದಲ್ಲೂ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು.

ಲ್ಯಾಬ್ ಅಕ್ಕ, ಶಿವಮೊಗ್ಗ

ಮೂರು ವಾರ ಆಯಿತು, ಹೇಳಿಬಿಡುತ್ತೇನೆ.

ಟ್ಯಾಗ್ ಇರುವ ಚಪ್ಪಟೆ ಸೆಲ್ ಇಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ನಿಂಬೆ ರಸ ಹಾಕಿದಾಗ ಸಣ್ಣ ನೊರೆ ಬಂತು, ಹೇಳಿದ ಹಾಗೇ. ಕೆಳಗೆ ತಾಮ್ರ ಹಸಿರುಗಪ್ಪಾಗಿತ್ತು. ಬ್ಲೇಡಿನಲ್ಲಿ ಕೆರೆದೆ. ಹಳೆ ಸೆಲ್ಲಿನ ಎರಡೂ ಪಟ್ಟಿಗೆ ಒಂದೇ ಸಲ ಕತ್ತರಿ ಹಾಕಲು ಹೋಗಿದ್ದೆ. ಶಾರ್ಟ್ ಆಗುತ್ತೆ ಅಂತ ಹೊಳೆದು ಒಂದೊಂದಾಗಿ ಕತ್ತರಿಸಿದೆ. ಬೆಸುಗೆ ಹತ್ತು ನಿಮಿಷದ ಕೆಲಸ.

ಮುಚ್ಚುವಾಗಲೇ ಬೆವರಿದ್ದು. ಹೊಸ ಸೆಲ್ಲಿನ ಪಟ್ಟಿಯನ್ನು ನಾನು ಮಡಚಿದ್ದು ಸ್ವಲ್ಪ ಉಬ್ಬಿತ್ತು. ಮುಚ್ಚಳ ಕೊನೆಯ ಒಂದು ಕೂದಲೆಳೆಯಷ್ಟು ಕೂರಲಿಲ್ಲ. ಒತ್ತಿಬಿಡೋಣ ಅನ್ನಿಸಿತು. ನೀವು ಹೇಳಿದ ನೀರು ಕುಡಿದ ಬ್ರಶ್ ನೆನಪಾಯಿತು. ತೆಗೆದು, ಪಟ್ಟಿ ಚಪ್ಪಟೆ ಮಾಡಿ, ರಬ್ಬರ್ ರಿಂಗ್ ನೋಡಿದರೆ ಅದು ಒಂದು ಕಡೆ ಮಡಚಿಕೊಂಡಿತ್ತು! ಒತ್ತಿದ್ದರೆ ಕತ್ತರಿಸಿಹೋಗುತ್ತಿತ್ತು. ಅಮ್ಮ ವ್ಯಾಸಲೀನ್ ಹಚ್ಚು ಅಂದರು. ರಬ್ಬರ್ ಉಬ್ಬಬಹುದು ಅಂತ ಹಚ್ಚಲಿಲ್ಲ, ಲ್ಯಾಬ್‌ನಲ್ಲಿದ್ದ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ. ಈ ಸಲ ಟಕ್ ಅಂತ ಕೂತಿತು.

ಮೊದಲ ಚಾರ್ಜ್ ಒಂದು ಇಡೀ ದಿನ ಬಿಟ್ಟೆ. ಒಂದು ಲೋಟ ನೀರಿನಲ್ಲಿ ಬುಡ ಅದ್ದಿ ಅರ್ಧ ಗಂಟೆ ಇಟ್ಟು, ಗುಳ್ಳೆ ಬರುತ್ತಾ ಅಂತ ಕಾದೆ. ಬರಲಿಲ್ಲ. ಈಗ ಒಂದು ಚಾರ್ಜ್‌ಗೆ ಎಂಟು ದಿನ, ದಿನಕ್ಕೆ ಎರಡು ಸಲ. ಹಳೆ ಸೆಲ್‌ಗೆ ಟೇಪ್ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ. ಕಾಲೇಜಿನ ಇ-ಕಸ ಹೋಗುವಾಗ ಕೊಡುತ್ತೇನೆ.

ಒಂದೇ ದೂರು. ಅಪ್ಪ ಹೇಳುತ್ತಾರೆ, "ಮೊದಲು ಎಷ್ಟು ಮೆತ್ತಗಿತ್ತು, ನೀನು ಏನೋ ಮಾಡಿ ಜೋರು ಮಾಡಿಬಿಟ್ಟೆ, ಸದ್ದೂ ಜಾಸ್ತಿ." ಏನಾದರೂ ತಪ್ಪಾಗಿದೆಯಾ ಸರ್?

ಹಳೇ ರೇಡಿಯೋ, ದಾವಣಗೆರೆ

ಏನೂ ತಪ್ಪಾಗಿಲ್ಲ. ಒಂದೆರಡು ವರ್ಷದಿಂದ ಅದು ಸುಸ್ತಾಗಿ ತಿರುಗುತ್ತಿತ್ತು, ಅವರಿಗೆ ಅದೇ ಅಭ್ಯಾಸ ಆಗಿದೆ. ಈಗಿನದೇ ಅದರ ಅಸಲಿ ಸದ್ದು. ವಸಡಿಗೆ ಒತ್ತಿ ಹಿಡಿಯದೆ ಸುಮ್ನೆ ತಾಗಿಸಿಟ್ಟುಕೊಳ್ಳಲಿಕ್ಕೆ ಹೇಳಿ. ಇನ್ನೊಂದು ವಾರ ಬೈಯುತ್ತಾರೆ.