ತಾರಸಿ ಸೋರುತ್ತಿದೆ: ಕೋಟಿಂಗ್ ಹೊಡೆಸಲಾ, ಒಡೆಸಲಾ?

ಹೊಸಮಾಳಿಗೆ: ಮನೆಗೆ 9 ವರ್ಷ. ಮಲಗುವ ಕೋಣೆಯಲ್ಲಿ ಫ್ಯಾನಿನ ಪಕ್ಕ ಅಂಗೈ ಅಗಲ ಒದ್ದೆಯಾಗಿದೆ. ತಾರಸಿ ಹತ್ತಿ ನೋಡಿದರೆ ಆ ಜಾಗದಲ್ಲಿ ಬಿರುಕೇ ಇಲ್ಲ. ಅನುಭವ ಇದ್ದವರು ಹೇಳಿ.

ಮೂರುಸಲಬಳಿದವ: ನಾನು ಮೂರು ಸಲ ಕೋಟಿಂಗ್ ಬಳಿದವನು. ಮೊದಲನೇ ಸಲ ಪಾಚಿ ತಿಕ್ಕಲಿಲ್ಲ, ಹಾವಿನ ಪೊರೆ ಹಾಗೆ ಎದ್ದು ಬಂತು. ಎರಡನೇ ಸಲ ತಂತಿ ಬ್ರಷ್ ಹಿಡಿದು ಎರಡು ದಿನ ತಿಕ್ಕಿದೆ, ಆದರೆ ಗಾರೆಯೊಳಗೆ ಹಸಿ ಇತ್ತು, ಬಿಸಿಲು ಬಿದ್ದದ್ದೇ ತಡ ಗುಳ್ಳೆ. ಆಮೇಲೆ ಬುದ್ಧಿ ಬಂತು. ಪೈಪಿನ ಬಾಯಿಗೆ ಬಟ್ಟೆ ತುರುಕಿ, ಅಡ್ಡಕ್ಕೆ ಸಣ್ಣ ಕಟ್ಟೆ ಹಾಕಿ, ಒಂದೊಂದೇ ಭಾಗಕ್ಕೆ 48 ಗಂಟೆ ನೀರು ನಿಲ್ಲಿಸಿದೆ. ನೀರು ಒಳಗೆ ಹೋಗುತ್ತಿದ್ದದ್ದು ಎಂಟು ಅಡಿ ದೂರದಲ್ಲಿ, ಪ್ಯಾರಾಪೆಟ್ ತಾರಸಿಗೆ ಕೂಡುವ ಮೂಲೆಯಲ್ಲಿ! ಅಲ್ಲಿಂದ ಗಾರೆಯ ಅಡಿಯಲ್ಲೇ ಹರಿದು ಫ್ಯಾನಿನ ಕೊಕ್ಕೆ ಹತ್ತಿರ ಇಳಿಯುತ್ತಿತ್ತು. ಮೂಲೆ ಕೆತ್ತಿ, ಪಾಲಿಮರ್ ಬೆರೆಸಿದ ಗಾರೆಯಿಂದ ದುಂಡಗೆ ತುಂಬಿ, ನಡುವೆ ಫೈಬರ್ ಬಲೆ ಇಟ್ಟು ಎರಡು ಕೋಟ್ ಹೊಡೆದೆ. 20 ಲೀಟರ್ ಡಬ್ಬದಲ್ಲಿ ಖರ್ಚಾದದ್ದು 3 ಲೀಟರ್. ಉಳಿದದ್ದು ಕಲ್ಲಾಗಿ ಕೂತಿದೆ, ನಮ್ಮವಳು ಅದರ ಮೇಲೆ ಹೂಕುಂಡ ಇಟ್ಟಿದ್ದಾಳೆ.

ವಾಟಮೊದಲು: ಬಳಿಯೋದೆಲ್ಲ ಸುಮ್ನೆ ಸಮಾಧಾನಕ್ಕೆ. ವಾಟ ಸರಿ ಇಲ್ಲದಿದ್ದರೆ ನೀರು ನಿಲ್ಲುತ್ತದೆ, ನಿಂತ ನೀರು ದಾರಿ ಹುಡುಕುತ್ತದೆ. ನಾವು ಹಳೇ ಗಾರೆ ಪೂರ್ತಿ ಒಡೆಸಿ, 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು ಹೊಸದಾಗಿ ಹಾಕಿಸಿದೆವು. 11 ದಿನದ ಕೆಲಸ ಅಂದಿದ್ದು 26 ದಿನ ಆಯಿತು. ಒಡೆಯುವಾಗ ಮೆಷಿನ್ ಸ್ಲ್ಯಾಬಿಗೇ ತಾಗಿ ಬಿರುಕು ಬಿಟ್ಟಿತು, ಅದನ್ನು ತುಂಬಿಸೋಕೆ ಮತ್ತೆ ನಾಲ್ಕು ದಿನ. ಆದರೂ ಈಗ ಒಂದು ಹನಿ ಇಲ್ಲ.

ಮೂರುಸಲಬಳಿದವ: ಅಂದರೆ ಇಲ್ಲದ ಬಿರುಕನ್ನು ಕೂಲಿ ಕೊಟ್ಟು ಮಾಡಿಸಿಕೊಂಡಿರಿ.

ವಾಟಮೊದಲು: ಮೂರು ಸಲ ಬಳಿದವರು ಹೇಳೋ ಮಾತಾ ಇದು?

ಶೀಟುಮನೆ: ನಮ್ಮದು ಶೀಟು. ಹಾಕಿದವರು ಸ್ಕ್ರೂಗಳನ್ನು ಉಬ್ಬಿನ ಮೇಲೆ ಹೊಡೆಯದೆ ನೀರು ಹರಿಯೋ ತಗ್ಗಿನಲ್ಲೇ ಹೊಡೆದಿದ್ದರು. ರಬ್ಬರ್ ವಾಷರ್ ಬಿಸಿಲಿಗೆ ಸೀಳಿತ್ತು. ಒಟ್ಟು 212 ಸ್ಕ್ರೂ, ಒಂದೊಂದನ್ನೂ ನಾನೇ ಬಿಚ್ಚಿದೆ, ಮೊಣಕಾಲು ಇವತ್ತಿಗೂ ನೋಯುತ್ತದೆ.

ವಾಟಮೊದಲು: ಇಲ್ಲಿ ಮಾತು ತಾರಸಿದು ಸ್ವಾಮಿ.

ಶೀಟುಮನೆ: ಸೋರೋದು ಸೋರೋದೇ ಅಲ್ವಾ? ನಿಮ್ಮ ಅಪ್ಪಣೆ ಕೇಳಿ ಬರೆಯಬೇಕಾ?

ಕಂಬಿತುಕ್ಕು: 48 ಗಂಟೆ ನೀರು ನಿಲ್ಲಿಸಿ ಅಂದವರಿಗೆ ಒಂದು ಪ್ರಶ್ನೆ. ಎರಡು ಇಂಚು ನೀರು ಅಂದರೆ ಚದರ ಮೀಟರಿಗೆ 50 ಕೆಜಿ. ಕಂಬಿ ತುಕ್ಕು ಹಿಡಿದ ಸ್ಲ್ಯಾಬ್ ಆದರೆ? ನಾನು ಎರಡು ವರ್ಷ ಒಳಗಡೆಯಿಂದ ಪುಟ್ಟಿ ಬಳಿದು, ಬಣ್ಣ ಹೊಡೆದು ಕಲೆ ಮುಚ್ಚಿದ್ದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ತಳ್ಳುತ್ತದೆ. ಒಂದು ರಾತ್ರಿ ತಟ್ಟೆಯಗಲದ ಚೂರು ದಿಂಬಿನ ಪಕ್ಕ ಬಿತ್ತು. ಮೊದಲು ಕೋಲಿನಿಂದ ಸೂರು ತಟ್ಟಿ ನೋಡಿ, ಪೊಳ್ಳು ಸದ್ದು ಬಂದರೆ ನೀರೂ ಬೇಡ, ಕೋಟಿಂಗೂ ಬೇಡ, ಎಂಜಿನಿಯರ್ ಕರೆಸಿ.

ಮೂರುಸಲಬಳಿದವ: ಒಂದಿಂಚು ಸಾಕು. ಎರಡು ಅಂತ ನಾನೆಲ್ಲಿ ಬರೆದೆ?

ಕಂಬಿತುಕ್ಕು: ಎಷ್ಟು ಅಂತಲೇ ಬರೆಯಲಿಲ್ಲವಲ್ಲ, ಓದಿದವರು ಮೊಣಕಾಲುದ್ದ ತುಂಬಿಸಿದರೆ?

ಹೊಸಮಾಳಿಗೆ: ತಟ್ಟಿ ನೋಡಿದೆ, ಗಟ್ಟಿ ಸದ್ದೇ ಬಂತು. ಪೈಪಿನ ಬಾಯಲ್ಲಿ ಎಲೆ ತುಂಬಿತ್ತು, ತೆಗೆದೆ. ಇನ್ನು ಆ ಮೂಲೆ ಕೆತ್ತಿದ್ದು ಎಷ್ಟು ಆಳ?

ಶೀಟುಮನೆ: ಮೊಣಕಾಲು ಅಂದಿರಲ್ಲ, ಆ ನೋವಿಗೆ ಯಾರಾದರೂ ಏನಾದರೂ ಹೇಳ್ತೀರಾ?